ಪಥ್ಯ ಹೇಳದ ಡಬ್ಬಿ

ನಿವೃತ್ತನಾಗಿ ಆರು ವರ್ಷವಾದರೂ ತಿಂಗಳಿಗೆ ಒಂದೆರಡು ಸಲ ನನಗೆ ಇಂಥ ಫೋನು ಬರುತ್ತದೆ. ಹೊಸದಾಗಿ ಪಿ.ಇ.ಟಿ. ಕೆಲಸಕ್ಕೆ, ಅಂದರೆ ಊರವರ ಬಾಯಲ್ಲಿ ಡ್ರಿಲ್ ಮಾಸ್ತರಿಕೆಗೆ ಸೇರಿದ ಹುಡುಗರು ಮಾಡುವ ಫೋನು. ಕೇಳುವುದೆಲ್ಲ ಒಂದೇ. "ಸಾರ್, ನಮ್ಮ ಹುಡುಗನೊಬ್ಬ ಚಲೋ ಓಡ್ತಾನ್ರಿ. ಯಾವ ಪೌಡರ್ ಕೊಡಿಸ್ಲಿ?" ನಾನು ತಿರುಗಿ ಕೇಳುತ್ತೇನೆ: "ಅಂವ ನಿನ್ನೆ ಏನು ಉಂಡಾನ?" ಗೊತ್ತಿಲ್ಲವೆಂದರೆ ತಿಳಿದುಕೊಂಡು ನಾಳೆ ಫೋನ್ ಮಾಡು ಎಂದು ಇಟ್ಟುಬಿಡುತ್ತೇನೆ. ಮುದುಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ಅವರು ಅಂದುಕೊಳ್ಳುತ್ತಾರೆ. ಸಿಟ್ಟು ಇರುವುದು ನಿಜ, ಆದರೆ ಅದು ಅವರ ಮೇಲಲ್ಲ. ಯಾರ ಮೇಲೆ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಆಂಧ್ರದ ಅನಂತಪುರ ಜಿಲ್ಲೆಯ ಕಣೇಕಲ್ಲು. ಮೊದಲ ನೌಕರಿ ರಾಯದುರ್ಗದ ಒಂದು ಹೈಸ್ಕೂಲಿನ ಕನ್ನಡ ವಿಭಾಗದಲ್ಲಿ. ಸೇರಿದಾಗ ನನ್ನ ಬಳಿ ಇದ್ದದ್ದು ಒಂದು ಸೀಟಿ, ಒಂದು ಸ್ಟಾಪ್‌ವಾಚು, ಮತ್ತು ನನಗೆಲ್ಲ ಗೊತ್ತಿದೆ ಎಂಬ ಭಾವನೆ. ವಾಚು ಇನ್ನೂ ಇದೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲುಗಳ ಕಥೆ ಯಾರಿಗೂ ಬೇಡ, ಬಿಡೋಣ.

ರಾಯದುರ್ಗದಲ್ಲಿ ಆಗ ಬೀದಿಗೊಂದು ಜೀನ್ಸ್ ಹೊಲಿಯುವ ಮನೆ. ನನ್ನ ಕಬಡ್ಡಿ ಹುಡುಗರಲ್ಲಿ ಅರ್ಧ ಜನ ಶಾಲೆ ಬಿಟ್ಟ ಮೇಲೆ ಮಿಷನ್ ಮುಂದೆ ಕೂರುವವರು. ಬಟ್ಟೆಯ ಬಣ್ಣ ಹತ್ತಿ ಅವರ ಉಗುರೆಲ್ಲ ನೀಲಿ. ಎದುರಾಳಿಯ ಕಾಲು ಹಿಡಿದರೆ ಅವನ ಮಂಡಿಯ ಮೇಲೂ ಐದು ಬೆರಳಿನ ನೀಲಿ ಗುರುತು ಮೂಡುತ್ತಿತ್ತು. "ರೆಫ್ರಿಗೆ ಸಾಕ್ಷಿ ಬೇಕಂದ್ರ ಇಲ್ಲೇ ಐತ್ರಿ ಸಾರ್" ಎಂದು ಹುಡುಗರು ನಗುತ್ತಿದ್ದರು.

ನಮ್ಮ ಹೆಡ್ ಮಾಸ್ತರರಿಗೆ ಗ್ಲೂಕೋಸಿನ ಮೇಲೆ ವಿಪರೀತ ಭಕ್ತಿ. ತಲೆನೋವಿಗೂ ಅದೇ, ಪರೀಕ್ಷೆಗೂ ಅದೇ, ಧ್ವಜವಂದನೆಗೂ ಅದೇ. ಒಮ್ಮೆ ಬೊಮ್ಮನಹಾಳಿನ ತಂಡದ ಮೇಲೆ ಪಂದ್ಯವಿತ್ತು. ನಮ್ಮ ಮುಖ್ಯ ರೈಡರ್ ಎರ್ರಿಸ್ವಾಮಿ. ಅರ್ಧವೇಳೆ ಕಳೆದು ಅಂಕ ಸಮಸಮ ಇದ್ದಾಗ ಮಾಸ್ತರರು ಅವನನ್ನು ಕರೆದು, "ಬಾಯಿ ತೆರೀಲೇ" ಎಂದು ಒಂದು ಹಿಡಿ ಒಣ ಗ್ಲೂಕೋಸನ್ನು ಬಾಯಿಗೆ ಸುರಿದರು. ನಾನೂ ಪಕ್ಕದಲ್ಲೇ ನಿಂತು, "ಹೋಗು, ಹೊಡಿ" ಎಂದು ಬೆನ್ನು ತಟ್ಟಿ ಕಳಿಸಿದೆ.

ಕಬಡ್ಡಿ ಎಂದರೆ ಉಸಿರು ಬಿಡದೆ ಹೇಳುತ್ತಿರಬೇಕಲ್ಲ. ಎರ್ರಿಸ್ವಾಮಿ ಗೆರೆ ದಾಟಿದ, ಒಂದು ಸಲ "ಕಬ" ಎಂದ. ಅಷ್ಟೇ. ಪುಡಿ ನಾಲಿಗೆಗೆ ಮೆತ್ತಿಕೊಂಡು ಮುಂದಿನ ಅಕ್ಷರ ಹೊರಡಲಿಲ್ಲ. ಕೆಮ್ಮಿದ, ಬಾಯಿಂದ ಬಿಳಿ ಹೊಗೆ ಎದ್ದಿತು. ರೆಫ್ರಿ ಔಟ್ ಕೊಟ್ಟ. ಪಂದ್ಯ ಹೋಯಿತು. "ಸಾರ್, ಅವ್ರನ್ನ ಮುಟ್ಟಾಕ ಹೋಗಿದ್ನಿರಿ, ನನ್ನ ನಾಲಿಗೀನ ನನ್ನ ಹಿಡೀತು" ಎಂದು ಅವನು ಅತ್ತ. ಹೆಡ್ ಮಾಸ್ತರರು ಮಾತ್ರ ನೀರಿನಲ್ಲಿ ಕಲಸಬೇಕಿತ್ತು ಎಂದು ಹೇಳಿ ಕೈತೊಳೆದುಕೊಂಡರು.

ಕೆಲವು ವರ್ಷಗಳಲ್ಲಿ ಗ್ಲೂಕೋಸಿನ ಪೊಟ್ಟಣ ಹೋಗಿ ಪ್ರೋಟೀನ್ ಪೌಡರಿನ ಡಬ್ಬಿ ಬಂತು. ಡಬ್ಬಿಯ ಮೇಲೆ ತೋಳು ಉಬ್ಬಿಸಿದ ಗಂಡಸಿನ ಚಿತ್ರ. ಊರಿನ ಗರಡಿ ಜಿಮ್ ಆಯಿತು, ಹುಡುಗರ ಬಾಯಲ್ಲಿ ಊಟದ ಮಾತಿಗಿಂತ ಸ್ಕೂಪಿನ ಮಾತೇ ಹೆಚ್ಚಾಯಿತು. ನನಗೆ ಅನುಮಾನ. ಒಂದು ಪರೀಕ್ಷೆ ಮಾಡಿಯೇಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಎರ್ರಿಸ್ವಾಮಿ ಊರಿನ ತಂಡದಲ್ಲಿ ಆಡುತ್ತಿದ್ದ, ಅವನ ತಮ್ಮ ತಿಪ್ಪೇಸ್ವಾಮಿಯೂ ಜೊತೆಗಿದ್ದ. ಇಬ್ಬರದೂ ಒಂದೇ ಮೈಕಟ್ಟು, ಒಂದೇ ಅಭ್ಯಾಸ. ಅಣ್ಣನಿಗೆ ಪೌಡರು, ತಮ್ಮನಿಗೆ ನೆನೆಸಿದ ಶೇಂಗಾ ಮತ್ತು ಬೆಲ್ಲ, ಹೀಗೆ ಮೂರು ತಿಂಗಳು. ಓಟ, ಜಿಗಿತ, ಬಸ್ಕಿ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಸಮ ಸುಧಾರಿಸಿದರು. "ಹಂಗಾರ ನನ್ನ ಡಬ್ಬಿ ದಂಡ ಏನ್ರಿ ಸಾರ್?" ಎಂದ ಅಣ್ಣ. "ಏ, ಶೇಂಗಾನ ಡಬ್ಯಾಗ ಹಾಕಿ ಮೇಲ ನಿನ್ನ ಫೋಟೋ ಹಚ್ಚಿದ್ರ ಅದೂ ಪೌಡರ್ ಆಕೈತಿ ಬಿಡು" ಎಂದ ತಮ್ಮ.

ಇದರಿಂದ ನಾನು ಒಂದು ತೀರ್ಮಾನಕ್ಕೆ ಬಂದೆ. ಡಬ್ಬಿಯಿಂದ ದೊಡ್ಡ ಲಾಭವಿಲ್ಲ, ಆದರೆ ನಷ್ಟವೂ ಇಲ್ಲ. ಮೊದಲರ್ಧ ಇವತ್ತಿಗೂ ಸರಿ ಎಂದೇ ನನ್ನ ಅನುಭವ. ಹೊಟ್ಟೆ ತುಂಬ ಉಂಡು ಕ್ರಮವಾಗಿ ಅಭ್ಯಾಸ ಮಾಡುವ ಮೈಗೆ ಡಬ್ಬಿ ಕೊಡುವುದು ಅಲ್ಪ. ನಾನು ಎಡವಿದ್ದು ಎರಡನೆಯ ಅರ್ಧದಲ್ಲಿ. ಆ ಅಣ್ಣತಮ್ಮಂದಿರ ತಾಯಿ ಬಸ್‌ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದಳು. ಡಬ್ಬಿ ಬಂದರೂ ಹೋದರೂ ಅವರ ತಟ್ಟೆಯಲ್ಲಿ ನಾಲ್ಕು ರೊಟ್ಟಿ ಇದ್ದೇ ಇರುತ್ತಿದ್ದವು. ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದ ಬುದ್ಧಿವಂತ ಅದೊಂದನ್ನು ಬರೆದಿರಲಿಲ್ಲ.

ಆಮೇಲೆ ಮಡಕಶಿರಾ ಕಡೆಗೆ ವರ್ಗವಾಯಿತು. ಒಂದೇ ಜಿಲ್ಲೆ, ಒಂದೇ ಭಾಷೆ, ಆದರೂ ಮೊದಲ ದಿನವೇ ಮಕ್ಕಳು ನನ್ನ "ಬರ್ರಿ, ನಿಂದರ್ರಿ" ಕೇಳಿ ಬಾಯಿ ಮುಚ್ಚಿಕೊಂಡು ನಕ್ಕವು. ವಾರದಲ್ಲಿ ನನಗೆ "ರೀ ಮೇಷ್ಟ್ರು" ಎಂಬ ಹೆಸರು ಬಿತ್ತು. ರೊಟ್ಟಿಯ ನಾಡಿನಿಂದ ಮುದ್ದೆಯ ನಾಡಿಗೆ ಬಂದಿದ್ದೆ. ಅಲ್ಲಿ ಮುದ್ದೆಗೆ ಹಿಟ್ಟು ಎನ್ನುತ್ತಾರೆ, ಊಟವಾಯಿತೇ ಎನ್ನುವುದಕ್ಕೆ "ಹಿಟ್ಟುಂಡ್ರಾ?" ಎಂದು ಕೇಳುತ್ತಾರೆ. ಹೊಲದಲ್ಲಿ ಕಡ್ಲೆಕಾಯಿ, ರಾಗಿ, ನೀರಿದ್ದಲ್ಲಿ ಹಿಪ್ಪುನೇರಳೆ. ಮನೆಗೊಬ್ಬಳಾದರೂ ಹುಡುಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದ ಕಾಲ ಅದು. ಹತ್ತನೇ ತರಗತಿಯ ಫಲಿತಾಂಶ ಬರುವ ಮೊದಲೇ ಬ್ಯಾಗು ಸಿದ್ಧವಾಗಿರುತ್ತಿತ್ತು.

ಹನುಮಕ್ಕ ಒಂಬತ್ತನೇ ತರಗತಿಯಲ್ಲಿದ್ದಳು. ಕಡ್ಡಿಯಂಥ ಕಾಲು, ಮಾತು ಕಡಿಮೆ. ಅವಳ ಓಟವನ್ನು ನಾನು ಮೊದಲು ನೋಡಿದ್ದು ಮೈದಾನದಲ್ಲಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ, ಪ್ರಾರ್ಥನೆಯ ಗಂಟೆ ಕೇಳಿ, ಕೆರೆ ಏರಿಯ ಮೇಲೆ ಬರಿಗಾಲಲ್ಲಿ ಓಡಿ ಬರುತ್ತಿದ್ದಳು. ನಾನು ಸುಮ್ಮನೆ ವಾಚು ಒತ್ತಿದೆ. ನಿಲ್ಲಿಸಿದ ಮೇಲೆ ವಾಚು ಕೆಟ್ಟಿರಬೇಕೆಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಒಂದು ವರ್ಷ ತಿದ್ದಿದೆ. ಎಂಟುನೂರು ಮೀಟರು ಅವಳ ಓಟ. ಮಣ್ಣಿನ ಮೈದಾನದಲ್ಲಿ ಎರಡೂವರೆ ನಿಮಿಷದ ಆಸುಪಾಸಿಗೆ ಬಂದಳು. ಹತ್ತನೇ ತರಗತಿಯ ವರ್ಷ ಅನಂತಪುರದಲ್ಲಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇತ್ತು. ಅವಳ ಓಟದಲ್ಲಿ ಮೊದಲ ಇಬ್ಬರನ್ನು ತೆಗೆದುಕೊಳ್ಳುತ್ತಾರೆ. ಊಟ, ವಸತಿ, ಡಿಗ್ರಿಯವರೆಗೆ ಓದು. ಆಗದಿದ್ದರೆ ಅಕ್ಕನ ಜೊತೆ ಬೆಂಗಳೂರು, ಮಿಷನ್ನು. ಅವಳೇ ಒಂದು ದಿನ ಶೂ ಕಟ್ಟುತ್ತ, "ಅಕ್ಕ ನನಗೂ ಕೆಲ್ಸ ನೋಡವ್ಳೆ ಸಾ. ಸೆಲೆಕ್ಷನ್ ಆಗೋವರ್ಗೂ ಬರಾಕಿಲ್ಲ ಅಂದಿವ್ನಿ" ಎಂದಳು. ಅವಳು ನನ್ನೊಡನೆ ಅದುವರೆಗೆ ಆಡಿದ ಅತಿ ಉದ್ದದ ಮಾತು ಅದು.

ಆಯ್ಕೆಗೆ ಮೂರು ತಿಂಗಳಿರುವಾಗ ಮೇಲಿನ ಅಧಿಕಾರಿಯೊಬ್ಬರು ಬಂದು ಅವಳ ಓಟ ನೋಡಿದರು. "ಹುಡುಗಿ ಚೆನ್ನಾಗಿದ್ದಾಳೆ ಮಾಸ್ತರೇ, ಆದರೆ ಹಿಟ್ಟು ತಿನ್ನಿಸಿ ಎಲ್ಲೀತನಕ ಓಡಿಸ್ತೀರಿ? ಟೌನ್ ಮಕ್ಕಳೆಲ್ಲ ಸಪ್ಲಿಮೆಂಟ್ ಮೇಲಿದ್ದಾರೆ" ಎಂದು ತೆಲುಗಿನಲ್ಲಿ ಹೇಳಿ ಜೀಪು ಹತ್ತಿದರು. ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎನ್ನುವ ಊರಿನಲ್ಲಿ ನಿಂತು ಆ ಮಾತಿಗೆ ತಲೆಯಾಡಿಸಿದೆ. ಲಾಭವಿಲ್ಲದಿದ್ದರೂ ನಷ್ಟವಂತೂ ಇಲ್ಲವಲ್ಲ, ರಾಯದುರ್ಗದಲ್ಲಿ ನಾನೇ ನೋಡಿದ್ದೇನಲ್ಲ! ಹಿಂದೂಪುರದ ಮೆಡಿಕಲ್ ಶಾಪಿನಿಂದ ಒಂದು ಡಬ್ಬಿ ತಂದೆ. ಅಂಗಡಿಯವನು ಕೊಟ್ಟ ಔಷಧಿಯ ಕವರಿನಲ್ಲೇ ಇಟ್ಟು, ಒಂದು ಚೀಟಿ ಬರೆದೆ: ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ, ಬಿಸಿನೀರಿನಲ್ಲಿ, ತಪ್ಪಿಸಕೂಡದು. ಹನುಮಕ್ಕ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

ಮೂರು ವಾರದ ಹೊತ್ತಿಗೆ ಅವಳ ಸಮಯ ಎರಡು ಸೆಕೆಂಡು ಹಿಂದೆ ಬಿತ್ತು. ಬಿಸಿಲಿರಬಹುದು ಎಂದುಕೊಂಡೆ. ಐದನೆಯ ವಾರಕ್ಕೆ ನಾಲ್ಕು ಸೆಕೆಂಡು. ಎರಡನೆಯ ಸುತ್ತಿನಲ್ಲಿ ಮೊದಲಿನ ಜಿಗಿತವಿಲ್ಲ. ಓಟ ಮುಗಿಸಿ ಮಂಡಿ ಹಿಡಿದು ಬಹಳ ಹೊತ್ತು ಬಗ್ಗಿ ನಿಲ್ಲುತ್ತಿದ್ದಳು.

"ಪೌಡರ್ ಕುಡೀತಿಯೋ, ತಮ್ಮನಿಗೆ ಕುಡಿಸ್ತಿಯೋ?"

"ನಾನೇ ಕುಡೀತಿವ್ನಿ ಸಾ. ದೇವ್ರಾಣೆ."

"ಹಂಗಾದ್ರ ಮೈಗಳ್ಳತನ ಇದು. ನಾಳೆಯಿಂದ ಎರಡೆರಡು ಚಮಚ."

"ಆಗ್ಲಿ ಸಾ."

ಹೊಸ ಚೀಟಿ ಬರೆದು ಕೊಟ್ಟೆ. ಎರಡೆರಡು ಚಮಚ ಮಾಡಿದ ಮೇಲೆ ಅವಳು ಇನ್ನೂ ಬೇಗ ಸೊರಗಿದಳು. ಆಗಲೂ ನನಗೆ ಹೊಳೆಯಲಿಲ್ಲ. ಮಕ್ಕಳೆಲ್ಲರ ಎದುರಿಗೆ ಒಂದು ದಿನ ಅವಳನ್ನು ಬೈದೆ. ಏನು ಬೈದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವಳು ಇನ್ನೊಂದು ಸುತ್ತು ಓಡಲು ಹೋಗಿ ಅರ್ಧದಲ್ಲಿ ಕೂತುಬಿಟ್ಟಳು.

ಅವತ್ತು ಮೊದಲ ಸಲ ಅವಳ ಮನೆಗೆ ಹೋದೆ. ಒಂದೂವರೆ ವರ್ಷದಲ್ಲಿ ಮೊದಲ ಸಲ! ತಾಯಿ ಈರಮ್ಮ ಅಂಗಳದಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದವಳು ಗಡಬಡಿಸಿ ಎದ್ದಳು. "ಬನ್ರಪ್ಪಾ ಮೇಷ್ಟ್ರೇ, ಕುಂತ್ಕಳಿ. ನಮ್ಮನೆಗೆ ಬಂದು ಹಿಟ್ಟುಣ್ಣದೆ ಹೋಗಂಗಿಲ್ಲ" ಎಂದು ಒಳಗೆ ಹೋದಳು. ನನ್ನ ತಟ್ಟೆಗೆ ಬಿಸಿ ಮುದ್ದೆ, ಹುರುಳಿ ಸಾರು, ಕಡ್ಲೆಬೀಜದ ಚಟ್ನಿ, ಒಂದು ಬೇಯಿಸಿದ ಮೊಟ್ಟೆ ಬಂತು. ಪಕ್ಕದಲ್ಲಿ ಕೂತ ಹನುಮಕ್ಕನ ತಟ್ಟೆಗೆ ತೆಳ್ಳನೆಯ ಅಕ್ಕಿ ಗಂಜಿ, ಒಂದು ಹರಳು ಉಪ್ಪು.

"ಇದೇನವ್ವ, ಅವಳಿಗೆ ಇದು?"

"ಅವ್ಳಿಗೆ ಇದೆಲ್ಲ ಕೊಡಂಗಿಲ್ವಲ್ಲ ಮೇಷ್ಟ್ರೇ. ಔಸ್ತಿ ಕುಡೀತಾವ್ಳೆ. ಪಥ್ಯ."

ಕೈಯ ತುತ್ತನ್ನು ತಟ್ಟೆಗೆ ಇಟ್ಟೆ. "ಪಥ್ಯ ಅಂತ ಯಾರು ಹೇಳಿದ್ರು?"

"ಯಾರೂ ಹೇಳ್ನಿಲ್ಲ, ಅದೇ ಕಷ್ಟ ಆಗಿದ್ದು" ಎಂದಳು ಈರಮ್ಮ, ಲೆಕ್ಕ ಒಪ್ಪಿಸುವವಳ ಹಾಗೆ ಅಲ್ಲ, ಮೆಚ್ಚುಗೆ ನಿರೀಕ್ಷಿಸುವವಳ ಹಾಗೆ. "ನಮ್ಮ ನಾಟಿ ಔಸ್ತಿ ಕೊಡೋರಾದ್ರೆ ಬದನೆಕಾಯಿ ಬ್ಯಾಡ, ಕಡ್ಲೆಬೀಜ ಬ್ಯಾಡ ಅಂತ ಬಿಡಿಸಿ ಹೇಳ್ತಾರೆ. ನಿಮ್ಮ ಚೀಟೀಲಿ ಯಾವ್ದು ಬ್ಯಾಡ ಅಂತ ಬರ್ದಿರ್ಲಿಲ್ಲ. ಕೇಳಾನ ಅಂದ್ರೆ ದೊಡ್ಡೋರು, ಭಯ. ಔಸ್ತಿ ಕೆಟ್ಟೋದಾತು ಅಂತ ನಾನೇ ಎಲ್ಲಾನೂ ಬಿಡಿಸ್ಬಿಟ್ಟೆ. ಬೀಜ, ಮೊಟ್ಟೆ, ಹುರುಳಿ, ಮೊಸ್ರು. ಹಿಟ್ಟು ಒಪ್ಪೊತ್ತು ಕೊಡ್ತಿದ್ದೆ. ನೀವು ಎರಡು ಚಮಚ ಮಾಡಿದ್ಮೇಲೆ ಔಸ್ತಿ ಜೋರಾತಲ್ಲ, ಅದನ್ನೂ ನಿಲ್ಲಿಸ್ದೆ."

ಆ ಮನೆಯಲ್ಲಿ ರೂಢಿಯಲ್ಲಿದ್ದದ್ದು ರಾಗಿ. ಮಗಳ ಪಥ್ಯಕ್ಕೆಂದು ಆಕೆ ಅಕ್ಕಿಯನ್ನು ಬೇರೆ ಕೂಡಿಡುತ್ತಿದ್ದಳು. ಹುಡುಗಿ ದಿನಾ ಕಡ್ಲೆಬೀಜದ ರಾಶಿಯ ಪಕ್ಕ ಕೂತು ಬಿಡಿಸುತ್ತಿದ್ದಳು, ಒಂದು ಬೀಜವನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಡಬ್ಬಿಯಿಂದ ನಾನು ಕೊಟ್ಟದ್ದು ಎರಡೆರಡು ಚಮಚ, ತಟ್ಟೆಯಿಂದ ನಾನು ಕಿತ್ತುಕೊಂಡದ್ದು ಅವಳ ಇಡೀ ಊಟ.

ಇದು ಔಷಧಿಯಲ್ಲ, ಹಾಲಿನಿಂದ ತೆಗೆದ ಒಂದು ಹಿಟ್ಟು, ಇದಕ್ಕೆ ಪಥ್ಯವಿಲ್ಲ, ಎಲ್ಲ ತಿನ್ನಬೇಕು ಎಂದು ಹೇಳಿದೆ. ಈರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಗೋಡೆಗೆ ಒರಗಿ ಕೂತಳು. "ಹಂಗಾರೆ ನಾನೇ ನನ್ ಮಗಳ ಹೊಟ್ಟೆ ಮೇಲೆ ಹೊಡ್ದ್ನಾ?" ಎಂದಳು.

ಆಗ ನಾನು ಹೇಳಬೇಕಾದ ಮಾತು ಒಂದೇ ಇತ್ತು. ನೀನಲ್ಲವ್ವ, ನಾನು. ಔಷಧಿಯ ಕವರಿನಲ್ಲಿ ತಂದವನು ನಾನು, ಡಾಕ್ಟರನ ಹಾಗೆ ಚೀಟಿ ಬರೆದವನು ನಾನು, ನೀವು ಏನು ಉಣ್ಣುತ್ತೀರಿ ಎಂದು ಒಂದು ದಿನವೂ ಕೇಳದವನು ನಾನು. ಹೇಳಲಿಲ್ಲ. "ಆಗಿದ್ದಾಯ್ತು, ಇನ್ನು ಚೆನ್ನಾಗಿ ತಿನ್ನಿಸಿ" ಎಂದು ಎದ್ದು ಬಂದೆ. ಮರುದಿನ ಸ್ಟಾಫ್ ರೂಮಿನಲ್ಲಿ, ಹಳ್ಳಿ ಜನರಿಗೆ ಏನು ಕೊಟ್ಟರೂ ಹೀಗೆ ಎಂದು ನಗುತ್ತ ಹೇಳಿದೆ. ಸಹೋದ್ಯೋಗಿಗಳೂ ನಕ್ಕರು.

ಆಯ್ಕೆಗೆ ಹದಿನೆಂಟು ದಿನ ಉಳಿದಿತ್ತು. ಈರಮ್ಮ ಮಗಳಿಗೆ ಮುದ್ದೆ, ಮೊಟ್ಟೆ, ಬೀಜ ಎಲ್ಲ ತುರುಕಿದಳು. ಮುಖಕ್ಕೆ ಕಳೆ ಬಂತು, ಒಂದೆರಡು ಸೆಕೆಂಡೂ ವಾಪಸು ಬಂದವು. ಆದರೆ ಎರಡು ತಿಂಗಳು ಸವೆದ ಮೈ ಹದಿನೆಂಟು ದಿನದಲ್ಲಿ ತುಂಬುವುದಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುವುದು ಇದಕ್ಕೇ. ಅನಂತಪುರದಲ್ಲಿ ಮೊದಲ ಸುತ್ತಿಗೆ ಅವಳೇ ಮುಂದಿದ್ದಳು. ಕೊನೆಯ ತಿರುವಿನಲ್ಲಿ ಮೂವರು ಅವಳನ್ನು ದಾಟಿಹೋದರು. ನಾಲ್ಕನೆಯವಳಾಗಿ ಬಂದು, ಶೂ ಬಿಚ್ಚಿ, ಚಪ್ಪಲಿ ಹುಡುಕಿ ಹಾಕಿಕೊಂಡು, "ಕಾಲು ಬರ್ಲಿಲ್ಲ ಸಾ" ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಊರು ಬರುವವರೆಗೂ ತಿರುಗಲಿಲ್ಲ. ಪರೀಕ್ಷೆ ಮುಗಿದ ವಾರ ಬೆಂಗಳೂರಿಗೆ ಹೋದಳು.

ಅಲ್ಲಿಂದ ಮುಂದೆ ನನ್ನ ಕೆಲಸದ ರೀತಿ ಬದಲಾಯಿತು. ತಂಡಕ್ಕೆ ಮಗುವನ್ನು ಸೇರಿಸಿಕೊಳ್ಳುವ ಮೊದಲು ಅದರ ಮನೆಗೆ ಹೋಗುತ್ತಿದ್ದೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಪಕ್ಕ ಒಂದು ಗೆರೆ ಎಳೆದು, ನಿನ್ನೆ ಉಂಡದ್ದು ಏನು ಎಂದು ಬರೆಯುತ್ತಿದ್ದೆ. ಹೆಣ್ಣುಮಕ್ಕಳು ಸುಸ್ತು ಎಂದರೆ ಬೈಯುವುದನ್ನು ಬಿಟ್ಟು ರಕ್ತ ಪರೀಕ್ಷೆಗೆ ಕಳಿಸುತ್ತಿದ್ದೆ. ಕೆಲವರಿಗೆ ಡಾಕ್ಟರು ಕಬ್ಬಿಣದ ಮಾತ್ರೆ ಬರೆದರು, ಅವರಿಗೆ ಅದರಿಂದ ನಿಜವಾಗಿ ಗುಣವಾಯಿತು. ಕೊರತೆ ಇದ್ದವರಿಗೆ ಕೊಟ್ಟದ್ದು ಹತ್ತುತ್ತದೆ, ಇಲ್ಲದವರಿಗೆ ಕೊಟ್ಟದ್ದು ಚರಂಡಿಗೆ ಹೋಗುತ್ತದೆ. ಯಾರಿಗೆ ಕೊರತೆ ಎನ್ನುವುದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಕೊಡಲೇಬೇಕಾದದ್ದನ್ನು ಕೊಡುವಾಗಲೂ ತಾಯಂದಿರನ್ನು ಶಾಲೆಗೆ ಕರೆಸಿ, ಪಥ್ಯವಿಲ್ಲ ಎಂದು ಮೂರು ಸಲ ಹೇಳುತ್ತಿದ್ದೆ. ಹೊಸ ಹೆಡ್ ಮಾಸ್ತರರು, "ನೀವು ಡ್ರಿಲ್ ಮಾಸ್ತರೋ, ನರ್ಸಮ್ಮನೋ?" ಎಂದು ತಮಾಷೆ ಮಾಡುತ್ತಿದ್ದರು. ಮಾಡಲಿ.

ನಿವೃತ್ತಿಗೆ ವರ್ಷವಿರುವಾಗ ಮಡಕಶಿರಾದ ಬಸ್‌ಸ್ಟ್ಯಾಂಡಿನಲ್ಲಿ ಹನುಮಕ್ಕ ಸಿಕ್ಕಳು. ಅಷ್ಟರಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು ಬೆಂಗಳೂರಿನಿಂದ ನಮ್ಮ ಕಡೆಗೇ ಬಂದಿದ್ದವು, ಹಳ್ಳಿಹಳ್ಳಿಗೆ ವ್ಯಾನು ಬಂದು ಹೆಂಗಸರನ್ನು ಕರೆದೊಯ್ಯುತ್ತಿತ್ತು. ಅವಳೂ ಮದುವೆಯಾಗಿ, ಮಗುವಾಗಿ, ಊರಿಗೆ ಮರಳಿ, ಒಂದು ಲೈನಿಗೆ ಸೂಪರ್‌ವೈಸರ್ ಆಗಿದ್ದಳು. ಈಗ ಮಾತು ಜೋರು.

"ನಮ್ಮಲ್ಲೂ ಹೆಂಗಸ್ರಿಗೆ ರಕ್ತದ ಮಾತ್ರೆ ಕೊಡ್ತಾರೆ ಸಾ. ಕೊಡೋ ದಿನ ನಾನು ಟೇಬಲ್ ಮೇಲೆ ಹತ್ತಿ ನಿಂತು ಕೂಗ್ತೀನಿ, ಇದಕ್ಕೆ ಪಥ್ಯ ಇಲ್ಲ ಕಣ್ರೇ, ಎಲ್ಲಾ ತಿನ್ರೇ ಅಂತ. ನಗ್ತಾರೆ."

ನಾನು ನಗಲಾರದೆ, "ಅವ್ವ ಹೆಂಗಿದಾಳ?" ಎಂದೆ.

"ಹಂಗೇ ಅವ್ಳೆ. ಟೀವೀಲಿ ಓಟ ಬಂದ್ರೆ ಎದ್ದೋಗ್ತಾಳೆ. ನಾನೇ ಕೆಡಿಸ್ದೆ ಅಂತ ಈಗ್ಲೂ ಅಂತಾಳೆ ಸಾ."

ವ್ಯಾನು ಬಂತು, ಅವಳು ಓಡಿ ಹತ್ತಿದಳು. ಓಟದಲ್ಲಿ ಮೊಣಕೈ ಮಡಿಸುವ ರೀತಿ ನಾನು ಕಲಿಸಿದ್ದು, ಹಾಗೇ ಇತ್ತು. ನಾನು ಮನೆಗೆ ಹೋಗಬೇಕಾದ ಬಸ್ಸನ್ನು ಬಿಟ್ಟು ಅವಳ ಊರಿನ ಬಸ್ಸು ಹತ್ತಿದೆ.

ಈರಮ್ಮನ ಕೂದಲು ಪೂರಾ ಬೆಳ್ಳಗಾಗಿತ್ತು. ಗುರುತು ಹಿಡಿದು ಚಾಪೆ ಹಾಸಿದಳು. ನಾನು ಕೂರದೆ, ನಿಂತೇ ಹೇಳಿದೆ. ಅವತ್ತು ತಪ್ಪು ನಿನ್ನದಲ್ಲವ್ವ, ನಂದು. ಪಥ್ಯ ಇದೆಯೋ ಇಲ್ಲವೋ ಎಂದು ಹೇಳಬೇಕಾದವನು ನಾನು. ಮನೆಗೆ ಬಂದು ನೋಡಬೇಕಾದವನೂ ನಾನು. ಅವತ್ತೇ ಹೇಳಬೇಕಿತ್ತು, ಹೇಳುವ ಗುಂಡಿಗೆ ಇರಲಿಲ್ಲ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, "ಇಷ್ಟು ವರ್ಷ ಯಾಕೆ ಇಟ್ಕಂಡಿದ್ರಿ ಮೇಷ್ಟ್ರೇ? ನಾನು ದಿನಾ ಸಾಯ್ತಿದ್ನಲ್ಲ" ಎಂದಳು.

ಎದ್ದು ಒಳಗೆ ಹೋದಳು. ಪಾತ್ರೆಯ ಸದ್ದಾಯಿತು. ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಡ್ಲೆಬೀಜದ ಉಂಡೆ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತಳು.

"ವಯಸ್ಸಾಗೈತೆ, ನೀವೂ ಏನಾದ್ರೂ ಔಸ್ತಿ ತಗಳ್ತಿದೀರಾ? ಪಥ್ಯ ಏನೈತೆ, ಮೊದ್ಲೇ ಹೇಳ್ಬಿಡಿ."

ಸಕ್ಕರೆ ಕಾಯಿಲೆ ಇದೆ, ಸಿಹಿ ಆಗದು ಎಂದೆ. ಉಂಡೆಯನ್ನು ಒಳಗಿಟ್ಟು ಬಂದು, ತಟ್ಟೆಯನ್ನು ನನ್ನ ಮುಂದಿಟ್ಟಳು.